ಎಳೆಯ ಮಕ್ಕಳೂ ಟೆಲಿವಿಷನ್ನೂ

ಎರಡು ವರ್ಷದ ಮಗುವಿಗೆ ಟೆಲಿವಿಷನ್ ತೋರಿಸಬಹುದೆ ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸಿದರೆ ನಾಲ್ಕು ಬಗೆಯ ಉತ್ತರ ದೊರೆಯುತ್ತದೆ. “ಅದನ್ನು ಹಾಕಿದರೇನೇ ಇವನು ಊಟ ಮಾಡುವುದು” ಎನ್ನುತ್ತಾಳೆ ಒಬ್ಬ ತಾಯಿ. “ನಮ್ಮ ಹುಡುಗಿ ಬಣ್ಣಗಳ ಹೆಸರನ್ನೆಲ್ಲ ಅದರಿಂದಲೇ ಕಲಿತಳು” ಎಂದು ಇನ್ನೊಬ್ಬಳು ಹೆಮ್ಮೆಪಡುತ್ತಾಳೆ. “ಆ ಬೊಂಬೆಗಳ ತೊದಲು ಕೇಳಿ ಕೇಳಿ ಮಗುವಿನ ಮಾತೇ ಕೆಡುತ್ತದೆ” ಎಂಬುದು ಮೂರನೆಯ ಮನೆಯ ತಂದೆಯ ಆಕ್ಷೇಪಣೆ. ನಾಲ್ಕನೆಯ ಮನೆಯ ಅಜ್ಜಿಯವರು “ಮಗುವಿಗೂ ಆ ಪೆಟ್ಟಿಗೆಗೂ ಏನು ಸಂಬಂಧ?” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ.

ಇವುಗಳಲ್ಲಿ ಯಾವ ಮಾತನ್ನೂ ತಳ್ಳಿಹಾಕುವಂತಿಲ್ಲ. ಯಾವುದನ್ನೂ ಪೂರ್ತಿಯಾಗಿ ಒಪ್ಪುವಂತೆಯೂ ಇಲ್ಲ. ಒಂದರಿಂದ ಐದು ವರ್ಷದವರೆಗಿನ ಕಾಲ ಮಗು ಮಾತನ್ನೂ ಆಟವನ್ನೂ ಜನರ ಒಡನಾಟವನ್ನೂ ಕಲಿಯುವ ಕಾಲ. ಆ ಹೊತ್ತು ಹೇಗೆ ಕಳೆಯಬೇಕೆಂಬುದನ್ನು ಮಗು ತಾನೇ ನಿರ್ಧರಿಸಲಾರದು. ಅದು ತಾಯ್ತಂದೆಗಳ ಅಭಿಪ್ರಾಯದಂತೆ ನಡೆಯುತ್ತದೆ. ಆದುದರಿಂದ ಆ ಅಭಿಪ್ರಾಯಗಳು ಯಾವ ತಳಹದಿಯ ಮೇಲೆ ನಿಂತಿವೆ ಎಂದು ವಿಚಾರಮಾಡುವುದು ಒಳ್ಳೆಯದು.

ಈ ಚರ್ಚೆಯ ಮೂಲವನ್ನು ಹುಡುಕಿಹೊರಟರೆ ನಾವು ಬಂದು ಸೇರುವುದು ರೇಡಿಯೋದ ಬಳಿಗೇ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು ೧೯೫೦ರ ಜನವರಿಯಲ್ಲಿ ಶಾಲೆಗೆ ಹೋಗದ ಪುಟ್ಟ ಮಕ್ಕಳಿಗಾಗಿ ಮಧ್ಯಾಹ್ನದ ಹೊತ್ತು ಕಾಲು ಗಂಟೆಯ ಬಾನುಲಿ ಕಾರ್ಯಕ್ರಮವೊಂದನ್ನು ಆರಂಭಿಸಿದರು. ಅದರ ಹೆಸರು ‘ಲಿಸನ್ ವಿತ್ ಮದರ್’, ಎಂದರೆ ತಾಯಿಯೊಡನೆ ಕೂತು ಕೇಳು ಎಂದು. ಅದೇ ವರ್ಷ ‘ಆಂಡಿ ಪ್ಯಾಂಡಿ’ ಎಂಬ ಸೂತ್ರದ ಬೊಂಬೆ ಅವರ ಟೆಲಿವಿಷನ್ನಿನಲ್ಲಿ ಕುಣಿಯತೊಡಗಿತು. ೧೯೫೩ರಲ್ಲಿ ಇಂತಹ ಬೊಂಬೆಯಾಟಗಳನ್ನೆಲ್ಲ ‘ವಾಚ್ ವಿತ್ ಮದರ್’, ತಾಯಿಯೊಡನೆ ಕೂತು ನೋಡು, ಎಂಬ ಒಂದೇ ಹೆಸರಿನ ಕೆಳಗೆ ತಂದರು. ಈ ಪೆಟ್ಟಿಗೆ ತಾಯಿಯ ಜಾಗದಲ್ಲಿ ಬಂದು ಕೂರುತ್ತದೆಯೇ ಎಂಬ ಅಳುಕು ಅಂದಿನ ಮನೆಗಳಲ್ಲಿ ಇದ್ದೇ ಇತ್ತು. ಆ ಹೆಸರೇ ಅದಕ್ಕೆ ಸಮಾಧಾನದಂತಿತ್ತು.

ಅದೇ ದೇಶದಲ್ಲಿ ಇನ್ನೊಂದು ವಿಚಿತ್ರ ಕಟ್ಟಳೆಯೂ ನಡೆಯುತ್ತಿತ್ತು. ಸಾಯಂಕಾಲ ಆರರಿಂದ ಏಳು ಗಂಟೆಯವರೆಗೆ ಟೆಲಿವಿಷನ್ ಪ್ರಸಾರವೇ ಇರುತ್ತಿರಲಿಲ್ಲ. ಎಳೆಯ ಮಕ್ಕಳನ್ನು ಮಲಗಿಸಲು, ದೊಡ್ಡವರನ್ನು ಪಾಠಕ್ಕೆ ಕೂರಿಸಲು ತಾಯ್ತಂದೆಗಳಿಗೆ ಅನುಕೂಲವಾಗಲೆಂದು ಈ ಬಿಡುವು. ಮಕ್ಕಳನ್ನು ಮಲಗಿಸುವುದು ಹೆತ್ತವರ ಹೊಣೆ, ಸರ್ಕಾರದ್ದಲ್ಲ ಎಂಬುದು ಅಂದಿನ ಅಂಚೆ ಸಚಿವ ಚಾರ್ಲ್ಸ್ ಹಿಲ್ ಅವರ ನಿಲುವು. ಯುದ್ಧಕಾಲದಲ್ಲಿ ‘ರೇಡಿಯೋ ಡಾಕ್ಟರ್’ ಎಂದು ಮನೆಮಾತಾಗಿದ್ದ ವೈದ್ಯರು ಅವರೇ. ಜಾಹೀರಾತಿನ ಆದಾಯ ನೆಚ್ಚಿದ್ದ ಖಾಸಗಿ ಕಂಪೆನಿಗಳಿಗೂ ಈ ಬಿಡುವು ಬೇಡವಾಗಿತ್ತು. ೧೯೫೭ರ ಫೆಬ್ರವರಿಯಲ್ಲಿ ಅದು ರದ್ದಾಯಿತು. ಅಂದಿನಿಂದ ಪೆಟ್ಟಿಗೆಯ ಕಿವಿ ತಿರುಗಿಸುವ ಕೆಲಸ ಮನೆಯವರ ಪಾಲಿಗೇ ಉಳಿದಿದೆ.

ಟೆಲಿವಿಷನ್ನಿನಿಂದ ಎಳೆಯರಿಗೆ ಪಾಠ ಹೇಳಿಸಬಹುದೆ ಎಂಬ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಬಡ ಮಕ್ಕಳು ಶಾಲೆಗೆ ಸೇರುವ ಮೊದಲೇ ಹಿಂದೆ ಬೀಳುತ್ತಿದ್ದಾರೆಂಬ ಕಳವಳದಿಂದ ಜೋನ್ ಗ್ಯಾಂಝ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ ಎಂಬವರು ಹುಟ್ಟುಹಾಕಿದ ‘ಸೆಸಮಿ ಸ್ಟ್ರೀಟ್’ ೧೯೬೯ರ ನವೆಂಬರ್ ೧೦ರಂದು ಪ್ರಾರಂಭವಾಯಿತು. ಅಕ್ಷರ, ಅಂಕಿ, ನೆರೆಹೊರೆಯ ಬಾಳು ಇವನ್ನು ಬೊಂಬೆಗಳ ಮೂಲಕ ಕಲಿಸುವುದು ಅದರ ಉದ್ದೇಶ. ಆದರೂ ೧೯೭೧ರಲ್ಲಿ ಬಿ.ಬಿ.ಸಿ.ಯ ಮಕ್ಕಳ ವಿಭಾಗದ ಮುಖ್ಯಸ್ಥೆ ಮೋನಿಕಾ ಸಿಮ್ಸ್ ಅದನ್ನು ಸ್ವೀಕರಿಸಲು ಒಪ್ಪಲಿಲ್ಲ. ಮಕ್ಕಳನ್ನು ತಿದ್ದಹೊರಡುವ ಅದರ ಅಧಿಕಾರದ ಧೋರಣೆ ಅವರಿಗೆ ಹಿಡಿಸಲಿಲ್ಲ. ಹೀಗೆ ಬಲ್ಲವರಲ್ಲಿಯೇ ಒಮ್ಮತವಿರಲಿಲ್ಲ. ಫಲ ಏನಾಯಿತೆಂದರೆ, ಮೂರರಿಂದ ಐದು ವರ್ಷದ ನಡುವೆ ಈ ಕಾರ್ಯಕ್ರಮವನ್ನು ಹೆಚ್ಚಾಗಿ ನೋಡಿದ ಮಕ್ಕಳಿಗೆ ಐದರ ಪ್ರಾಯದಲ್ಲಿ ಹೆಚ್ಚು ಪದಗಳ ಪರಿಚಯವಿತ್ತೆಂದು ೧೯೯೦ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇದರ ಭಾರತೀಯ ರೂಪ ‘ಗಲ್ಲಿ ಗಲ್ಲಿ ಸಿಮ್ ಸಿಮ್’ ೨೦೦೬ರಲ್ಲಿ ನಮ್ಮ ದೇಶಕ್ಕೂ ಬಂದಿತು. ಬಣ್ಣಗಳ ಹೆಸರನ್ನು ಕಲಿತ ಹುಡುಗಿಯ ತಾಯಿಯ ಹೆಮ್ಮೆ ನಿರಾಧಾರವಲ್ಲ; ಆ ಹುಡುಗಿ ಮೂರು ದಾಟಿದವಳಾಗಿದ್ದರೆ!

ಇನ್ನು ‘ಮಾತು ಕೆಡುತ್ತದೆ’ ಎಂಬ ತಂದೆಯ ಆಕ್ಷೇಪಣೆ. ೧೯೫೨ರಲ್ಲಿ ಬಂದ ‘ಫ್ಲವರ್ ಪಾಟ್ ಮೆನ್’ ಎಂಬ ಹೂಕುಂಡದ ಬೊಂಬೆಗಳ ತೊದಲಿಗೆ ಇದೇ ದೂರು ಕೇಳಿಬಂದಿತ್ತು. ೧೯೯೭ರ ಮಾರ್ಚಿಯಲ್ಲಿ ಬಿ.ಬಿ.ಸಿ.ಯಲ್ಲಿ ‘ಟೆಲಿಟಬ್ಬೀಸ್’ ಆರಂಭವಾದಾಗ ಅದು ಮತ್ತೆ ಎದ್ದಿತು. ಹೊಟ್ಟೆಯ ಮೇಲೆ ಟೆಲಿವಿಷನ್ ತೆರೆಯಿದ್ದ ಆ ನಾಲ್ಕು ಗುಂಡುಗುಂಡು ಗೊಂಬೆಗಳು ಎಳೆಗೂಸಿನಂತೆ ತೊದಲುತ್ತಿದ್ದವು. ಒಂದು ಚಿತ್ರ ತೋರಿಸಿ ಮುಗಿಸಿ ಅದನ್ನೇ ಮತ್ತೊಮ್ಮೆ ತೋರಿಸುತ್ತಿದ್ದವು. ನೋಡಿದ ದೊಡ್ಡವರು ತಲೆ ಚಚ್ಚಿಕೊಂಡರು. ಇದನ್ನು ರಚಿಸಿದವರು ಆನ್ ವುಡ್ ಮತ್ತು ಆಂಡ್ರ್ಯೂ ಡೇವನ್‌ಪೋರ್ಟ್. ಡೇವನ್‌ಪೋರ್ಟ್ ಮಾತಿನ ಶಾಸ್ತ್ರವನ್ನೇ ಓದಿದವರು. ಆ ತೊದಲೂ ಆ ಪುನರಾವರ್ತನೆಯೂ ಬೇಕೆಂದೇ ಮಾಡಿದವು.

ಪುನರಾವರ್ತನೆಯ ವಿಷಯದಲ್ಲಿ ದೊಡ್ಡವರ ರುಚಿ ಮಕ್ಕಳ ರುಚಿಗೆ ಅಳತೆಗೋಲಾಗಲಾರದು. ಅಮೆರಿಕದಲ್ಲಿ ೧೯೯೬ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದವರು ಒಂದೇ ಕಂತನ್ನು ವಾರದ ಐದು ದಿನವೂ ಪ್ರಸಾರ ಮಾಡಿದರು. ಪ್ರಶ್ನೆ ಕೇಳಿದ ಮೇಲೆ ಮಗು ಉತ್ತರ ಹೇಳಲೆಂದು ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಅದನ್ನು ಐದು ಸಲ ನೋಡಿದ ಮಕ್ಕಳಿಗೆ ಬೇಸರ ಬರಲಿಲ್ಲ. ವಿಷಯ ಹೆಚ್ಚು ಅರ್ಥವಾಯಿತು, ಕೂಗಿ ಉತ್ತರ ಹೇಳುವುದೂ ಹೆಚ್ಚಾಯಿತು ಎಂದು ೧೯೯೯ರ ಅಧ್ಯಯನ ಹೇಳುತ್ತದೆ. ಇದು ನಮಗೆ ಹೊಸತೇನೂ ಅಲ್ಲ. ಹೇಳಿದ ಕತೆಯನ್ನೇ ‘ಇನ್ನೊಂದ್ಸಲ ಹೇಳಜ್ಜಿ’ ಎಂದು ಕಾಡದ ಮಗು ಯಾವ ಮನೆಯಲ್ಲಿದೆ?

ಹಾಗಾದರೆ ಮಕ್ಕಳಿಗೆಂದೇ ಮಾಡಿದ್ದೆಲ್ಲ ಒಳ್ಳೆಯದೆಂದು ನಂಬಬಹುದೆ? ಎರಡು ವರ್ಷ ತುಂಬದ ಕೂಸುಗಳ ವಿಷಯದಲ್ಲಿ ಈ ನಂಬಿಕೆ ತಪ್ಪುದಾರಿಗೆ ಎಳೆಯುತ್ತದೆ. ಕೂಸುಗಳ ಬುದ್ಧಿ ಬೆಳೆಸುತ್ತೇವೆಂಬ ವಿಡಿಯೋಗಳು ಮಾರುಕಟ್ಟೆಗೆ ಬಂದಾಗ ಅನೇಕರು ಅವನ್ನು ಮೆಚ್ಚಿದರು. ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹನ್ನೆರಡರಿಂದ ಹದಿನೆಂಟು ತಿಂಗಳ ಕೂಸುಗಳಿಗೆ ಇಂತಹ ವಿಡಿಯೋವನ್ನು ನಾಲ್ಕು ವಾರ ಮನೆಯಲ್ಲಿ ತೋರಿಸಲಾಯಿತು. ಕಡೆಗೆ ನೋಡಿದರೆ, ವಿಡಿಯೋ ಕಂಡ ಕೂಸುಗಳು ಕಾಣದ ಕೂಸುಗಳಿಗಿಂತ ಹೆಚ್ಚು ಪದಗಳನ್ನೇನೂ ಕಲಿತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಲಿತದ್ದು, ವಿಡಿಯೋ ಇಲ್ಲದೆ ಅವೇ ಪದಗಳನ್ನು ತಾಯ್ತಂದೆಗಳು ದಿನದ ಕೆಲಸದ ನಡುವೆ ಹೇಳಿಕೊಟ್ಟ ಕೂಸುಗಳು.

ಆ ಪರೀಕ್ಷೆಯಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವಿಡಿಯೋವನ್ನು ಮೆಚ್ಚಿಕೊಂಡ ತಾಯ್ತಂದೆಗಳು ತಮ್ಮ ಮಗು ಅದರಿಂದ ಬಹಳ ಕಲಿಯಿತೆಂದು ಎಣಿಸಿದ್ದರು. ಮಗು ಕಲಿತದ್ದು ಅಷ್ಟಿರಲಿಲ್ಲ. ಈ ವಯಸ್ಸಿನಲ್ಲಿ ಮಗು ದಿನದಿನವೂ ಹೊಸ ಮಾತು ಕಲಿಯುತ್ತದೆ. ಎದುರಿಗೆ ವಿಡಿಯೋ ಇದ್ದರೆ ಕೀರ್ತಿ ಅದಕ್ಕೆ ಹೋಗುತ್ತದೆ. ಅಡುಗೆಮನೆಯಲ್ಲಿ ‘ಇದು ಬದನೆಕಾಯಿ, ಇದು ಸೌತೆಕಾಯಿ’ ಎಂದ ತಾಯಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೂಸಿಗೆ ತೆರೆಯಿಂದ ಕಲಿಯುವುದು ಏಕೆ ಕಷ್ಟ? ಇದಕ್ಕೆ ೨೦೦೩ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಬೆಳಕು ಕೊಡುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆಯನ್ನು ಹನ್ನೆರಡು ಸಲ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಟೆಲಿವಿಷನ್ನಿನಲ್ಲಿ ಕಂಡವು ಕಲಿಯಲಿಲ್ಲ. ಬರಿಯ ಧ್ವನಿಯನ್ನು ಕೇಳಿದವೂ ಕಲಿಯಲಿಲ್ಲ. ಬಾನುಲಿಯ ಅಭಿಮಾನಿಗಳಾದ ನಾವು ಈ ಕಡೆಯ ಮಾತನ್ನೂ ಮರೆಮಾಚದೆ ಒಪ್ಪಿಕೊಳ್ಳಬೇಕು. ಕೂಸಿಗೆ ಬೇಕಾದದ್ದು ತನ್ನ ನೋಟಕ್ಕೆ ನೋಟ, ತೊದಲಿಗೆ ಉತ್ತರ ಕೊಡುವ ಒಬ್ಬ ಮನುಷ್ಯ.

ಉತ್ತರ ಕೊಡುವವರು ತೆರೆಯ ಮೇಲೇ ಇದ್ದರೆ? ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕರೆಯಲ್ಲಿ ತಮ್ಮೊಡನೆ ಮಾತಾಡಿದವರಿಂದ ಹೊಸ ಪದಗಳನ್ನು ಕಲಿತರು, ಮೊದಲೇ ಮುದ್ರಿಸಿಟ್ಟ ಚಿತ್ರದಿಂದ ಕಲಿಯಲಿಲ್ಲ ಎಂದು ೨೦೧೪ರ ಒಂದು ಅಧ್ಯಯನ ತೋರಿಸಿದೆ. ಹೊರದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಗುವಿನೊಡನೆ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಕನ್ನಡದಲ್ಲಿ ಮಾತಾಡುವ ಅಜ್ಜ ಅಜ್ಜಿಯರಿಗೆ ಇದು ಸಂತೋಷದ ಸಮಾಚಾರ. ಅಮೆರಿಕದ ಮಕ್ಕಳ ವೈದ್ಯರ ಸಂಘ ೨೦೧೬ರ ಸಲಹೆಯಲ್ಲಿ, ಹದಿನೆಂಟು ತಿಂಗಳೊಳಗಿನ ಕೂಸಿಗೆ ತೆರೆ ಬೇಡವೆಂದು ಹೇಳಿಯೂ ಇಂತಹ ಕರೆಗಳಿಗೆ ವಿನಾಯಿತಿ ಕೊಟ್ಟಿತು.

ಈಗ ಮೊದಲನೆಯ ತಾಯಿಯ ಮಾತಿಗೆ ಬರೋಣ. ಟೆಲಿವಿಷನ್ ಹಾಕಿದರೆ ಮಗು ಸುಮ್ಮನಿರುತ್ತದೆ, ಉಣ್ಣುತ್ತದೆ. ಇದು ನಿಜ. ಒಬ್ಬಳೇ ಅಡುಗೆ, ಕೆಲಸ, ಮಗು ಮೂರನ್ನೂ ಸಂಭಾಳಿಸುವ ತಾಯಿಗೆ ಆ ಅರ್ಧ ಗಂಟೆಯ ಬೆಲೆ ಎಷ್ಟೆಂಬುದು ಅವಳಿಗೇ ಗೊತ್ತು. ಅವಳನ್ನು ದೂರಲು ಕಾರಣವಿಲ್ಲ. ಆದರೆ ಸುಮ್ಮನಿರುವ ಮಗು ಕಲಿಯುತ್ತಿದೆ, ಶಾಂತವಾಗಿದೆ ಎಂದು ತಿಳಿಯಬಾರದು. ಅಮೆರಿಕದಲ್ಲಿ ೨೦೧೧ರಲ್ಲಿ ನಾಲ್ಕು ವರ್ಷದ ಅರವತ್ತು ಮಕ್ಕಳನ್ನು ಮೂರು ಗುಂಪು ಮಾಡಿ, ಒಂಬತ್ತು ನಿಮಿಷ ಒಂದು ಗುಂಪಿಗೆ ಸರಸರನೆ ದೃಶ್ಯ ಬದಲಾಗುವ ಕಾರ್ಟೂನ್, ಇನ್ನೊಂದಕ್ಕೆ ನಿಧಾನವಾದ ಶೈಕ್ಷಣಿಕ ಕಾರ್ಟೂನ್, ಮೂರನೆಯದಕ್ಕೆ ಬಣ್ಣದ ಕಡ್ಡಿ ಕಾಗದ ಕೊಟ್ಟರು. ಮೊದಲನೆಯದರಲ್ಲಿ ಸುಮಾರು ಹನ್ನೊಂದು ಸೆಕೆಂಡಿಗೊಮ್ಮೆ ದೃಶ್ಯ ಬದಲು. ಎರಡನೆಯದರಲ್ಲಿ ಮೂವತ್ತನಾಲ್ಕು ಸೆಕೆಂಡಿಗೊಮ್ಮೆ. ಕೂಡಲೇ ನಡೆಸಿದ ಪರೀಕ್ಷೆಯಲ್ಲಿ, ತಾಳ್ಮೆಯಿಂದ ಕಾಯುವ, ಹೇಳಿದ್ದನ್ನು ನೆನಪಿಟ್ಟು ನಡೆಯುವ ಶಕ್ತಿ ಮೊದಲ ಗುಂಪಿನಲ್ಲಿ ಕಡಿಮೆ ಕಂಡಿತು. ಅದು ಆ ಕ್ಷಣದ ಅಳತೆಯೇ ಹೊರತು ಮಗುವಿನ ಮುಂದಿನ ಬಾಳಿನ ಅಳತೆಯಲ್ಲ. ಆದರೂ ತೋರಿಸುವುದಾದರೆ ನಿಧಾನವಾದದ್ದನ್ನು ಆರಿಸಬೇಕೆಂಬ ಬುದ್ಧಿ ಅದರಿಂದ ಬರುತ್ತದೆ.

ಊಟದ ಮಾತೂ ಹೀಗೆಯೇ. ಚಂದಮಾಮನನ್ನೋ ಕಾಗೆಯನ್ನೋ ತೋರಿಸಿ ತುತ್ತು ಕೊಡುವಾಗ ಮಗುವಿನ ಹೊಟ್ಟೆಯೊಡನೆ ಮಾತೂ ತುಂಬುತ್ತಿತ್ತು. ತೆರೆಯ ಮುಂದೆ ಬಾಯಿ ತೆರೆಯುವ ಮಗುವಿಗೆ ತುತ್ತು ಸಿಗುತ್ತದೆ, ಮಾತು ಸಿಗುವುದಿಲ್ಲ.

ಅನೇಕರು ಎಣಿಕೆಗೇ ತಾರದ ಇನ್ನೊಂದು ಸಂಗತಿಯಿದೆ. ದೊಡ್ಡವರು ತಮಗಾಗಿ ಧಾರಾವಾಹಿಯನ್ನೋ ವಾರ್ತೆಯನ್ನೋ ಹಾಕಿಕೊಂಡಿರುತ್ತಾರೆ. ಮಗು ಅಲ್ಲೇ ನೆಲದ ಮೇಲೆ ಆಡುತ್ತಿರುತ್ತದೆ. ‘ಅದು ನೋಡುವುದೇ ಇಲ್ಲವಲ್ಲ’ ಎನ್ನುತ್ತೇವೆ. ೨೦೦೮ರ ಒಂದು ಅಧ್ಯಯನದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳು ಆಡುತ್ತಿದ್ದ ಕೋಣೆಯಲ್ಲಿ ಅರ್ಧ ಗಂಟೆ ದೊಡ್ಡವರ ಕಾರ್ಯಕ್ರಮ ಹಾಕಿಟ್ಟಿದ್ದರು. ಮಕ್ಕಳು ಅದನ್ನು ಕ್ಷಣಕಾಲ ನೋಡಿ ಮುಖ ತಿರುಗಿಸಿದರೂ ಅವರ ಆಟ ತುಂಡುತುಂಡಾಯಿತು, ಒಂದೇ ಆಟದಲ್ಲಿ ಮನಸ್ಸು ನಿಲ್ಲುವ ಹೊತ್ತು ಕಡಿಮೆಯಾಯಿತು. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಟೆಲಿವಿಷನ್ ನಡೆಯುತ್ತಿರುವಾಗ ತಾಯ್ತಂದೆಗಳು ಮಗುವಿನೊಡನೆ ಆಡುವ ಮಾತೂ ಇಳಿಯುತ್ತದೆಂದು ಕಂಡುಕೊಂಡಿತು.

ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ, ಎರಡು ವರ್ಷ ತುಂಬದವರಿಗೆ ತೆರೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಸಲಹೆ ಕೊಟ್ಟಿತು. ಭಾರತದ ಮಕ್ಕಳ ವೈದ್ಯರ ಸಂಘದವರು ೨೦೨೧ರಲ್ಲಿ ರೂಪಿಸಿದ ಸಲಹೆಯೂ ಇದೇ ಜಾಡಿನದು. ಎರಡರಿಂದ ಐದರವರೆಗಿನ ಆ ಒಂದು ಗಂಟೆಯಲ್ಲಿಯೂ ದೊಡ್ಡವರ ಕಣ್ಣಿರಬೇಕೆಂದು ಅದು ಹೇಳುತ್ತದೆ. ಗೋಡೆಯ ಟೆಲಿವಿಷನ್ ಆಗಲಿ, ಕೈಯೊಳಗಿನ ಫೋನ್ ಆಗಲಿ, ಲೆಕ್ಕ ಒಂದೇ.

ಜೊತೆಯಲ್ಲಿ ಕೂತರೆ ಏನು ಲಾಭ? ೧೯೮೪ರ ಒಂದು ಪರೀಕ್ಷೆಯಲ್ಲಿ, ‘ಸೆಸಮಿ ಸ್ಟ್ರೀಟ್’ ನೋಡುವಾಗ ಪಕ್ಕದಲ್ಲಿ ಕೂತ ದೊಡ್ಡವರು ‘ಇದು ಯಾವ ಅಕ್ಷರ?’ ಎಂದು ಕೇಳುತ್ತಿದ್ದ ಮಕ್ಕಳು ಮಿಕ್ಕವರಿಗಿಂತ ಚೆನ್ನಾಗಿ ಕಲಿತರು. ಎಪ್ಪತ್ತು ವರ್ಷಗಳ ಹಿಂದೆ ಬಿ.ಬಿ.ಸಿ.ಯವರು ಇಟ್ಟ ‘ತಾಯಿಯೊಡನೆ’ ಎಂಬ ಹೆಸರಿನಲ್ಲಿ ಇಷ್ಟು ಅರ್ಥವಿತ್ತು. ಆ ಜಾಗದಲ್ಲಿ ತಂದೆ, ಅಕ್ಕ, ಸೋದರಮಾವ, ಯಾರು ಕೂತರೂ ಸರಿಯೆ.

ಆದುದರಿಂದ ಒಂದು ಕಾರ್ಯಕ್ರಮ ಹೇಗಿದೆ ಎಂದು ಅಭಿಪ್ರಾಯ ಹೇಳುವಾಗ ನಮಗೆ ಅದು ಹಿಡಿಸಿತೇ ಎಂಬುದನ್ನೂ ಮಗು ಗಲಾಟೆ ಮಾಡದೆ ಕೂತಿತೇ ಎಂಬುದನ್ನೂ ಬದಿಗಿಡೋಣ. ಪೆಟ್ಟಿಗೆ ಆರಿಸಿದ ಮೇಲೆ ಮಗುವನ್ನು ನೋಡೋಣ. ಕಂಡದ್ದನ್ನು ಆಟದಲ್ಲಿ ಆಡುತ್ತದೆಯೆ? ಕೇಳಿದ ಪದವನ್ನು ಹಿತ್ತಲಲ್ಲೋ ಪೇಟೆಯಲ್ಲೋ ತಾನಾಗಿ ಬಳಸುತ್ತದೆಯೆ? ‘ಆ ಮೊಲ ಏಕೆ ಅತ್ತಿತು?’ ಎಂದು ಕೇಳುತ್ತದೆಯೆ? ಹೌದಾದರೆ ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲ. ಇನ್ನೊಂದು ಬೇಕೆಂದು ಅಳುವುದೊಂದೇ ಉಳಿದರೆ, ಆ ಕಾರ್ಯಕ್ರಮವನ್ನು ಬಿಟ್ಟು ಬೇರೊಂದನ್ನು ಆರಿಸಬಹುದು. ಇಲ್ಲವೆ ಒಂದು ಮರದ ಚಮಚ, ಎರಡು ಡಬ್ಬಿ ಕೊಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿಕೊಂಡು, ಕೆಲಸ ಮಾಡುತ್ತಲೇ ಅದರೊಡನೆ ಮಾತಾಡಬಹುದು.