ಬೆಟ್ಟ ಮಡಿಚಿದರೆ ಎಣ್ಣೆ ಸಿಕ್ಕೀತೇ?

ನಮ್ಮ ಹಾಗೆಯೇ ಗಡಿಯಾಚೆ ಕನ್ನಡ ಉಳಿಸಿಕೊಂಡ ಮನೆಗಳು ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿಯೂ ಇವೆ. ಧರ್ಮಪುರಿ ಕಡೆಯ ನೆಂಟರ ಮನೆಗೆ ಒಂದು ರಜೆಯಲ್ಲಿ ನಾವು ಹೋಗಿದ್ದಾಗ, ಹಿತ್ತಿಲ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಕೆನೆ ಕಟ್ಟಿತ್ತು. "ಭಾವಾ, ಇದು ಪೆಟ್ರೋಲಿನ ಗುರುತಲ್ಲವೇ? ಮಡಿಚಿದ ಬೆಟ್ಟಗಳಲ್ಲಿ ಎಣ್ಣೆ ಸಿಗುತ್ತದಂತೆ" ಎಂದರು ಮನೆಯ ಯಜಮಾನರು. ಒಡವೆ ಅಡವಿಟ್ಟು ಆಳಕ್ಕೆ ಕೊರೆಯಿಸುವ ಆಲೋಚನೆಯೂ ಅವರಿಗಿತ್ತು.

ಕೇಳಿದ ಮಾತು ಪೂರ್ತಿ ಸುಳ್ಳಲ್ಲ. ಅಸ್ಸಾಮಿನ ಡಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿದ್ದು ಮಡಿಚಿದ ಪದರಗಲ್ಲುಗಳಲ್ಲಿಯೇ. ಕಡಲು, ಕೆರೆಗಳ ತಳದ ಕೆಸರಿನಲ್ಲಿ ಹೂತುಹೋದ ಸಣ್ಣ ಜೀವಿಗಳು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬಹುಕಾಲ ಬೆಂದು ಎಣ್ಣೆಯಾಗುತ್ತವೆ. ಆ ಎಣ್ಣೆ ಮರಳುಗಲ್ಲಿನ ರಂಧ್ರಗಳಲ್ಲಿ ಮೇಲೇರುತ್ತದೆ. ಪದರ ಕವುಚಿದ ಬೋಗುಣಿಯಂತೆ ಬಾಗಿದ್ದು, ಮೇಲೆ ಜೇಡಿಗಲ್ಲಿನ ಮುಚ್ಚಳವಿದ್ದರೆ ಅಲ್ಲಿ ತಂಗುತ್ತದೆ. ಮಡಿಕೆ ಎಂಬುದು ಬರಿಯ ಪಾತ್ರೆ; ಒಳಗೆ ಅಡುಗೆಯೂ ಆಗಿರಬೇಕು.

ಸೇಲಂ ಸಮೀಪದ ಕಂಜಮಲೈ ಕೂಡ ಮಡಿಚಿದ ಬೆಟ್ಟವೇ. ಅಲ್ಲಿಯ ಕಬ್ಬಿಣದ ಪಟ್ಟೆಗಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಕುಳಿತ ಪದರ. ಆದರೆ ಅದು ಭೂಗರ್ಭದಲ್ಲಿ 700 ಡಿಗ್ರಿಗೂ ಮೀರಿದ ಕಾವು ಕಂಡಿದೆ. ಹದವಾಗಿ ಬೆಂದರೆ ಅನ್ನ, ಮೀರಿದರೆ ಕರಿ! ಅಲ್ಲಿ ಉಳಿದದ್ದು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಧರ್ಮಪುರಿಯ ಕಲ್ಲುಗಳೂ ಹಾಗೆಯೇ ಬಹು ಪುರಾತನ, ಬಹಳವಾಗಿ ಬೆಂದವು.

ಹಾಗಾದರೆ ತಮಿಳುನಾಡಿನಲ್ಲಿ ಎಣ್ಣೆಯೇ ಇಲ್ಲವೇ? ಉಂಟು. ಹೊಗೇನಕಲ್ಲಿನಲ್ಲಿ ಧುಮುಕುವ ಕಾವೇರಿ ಕಡಲು ಸೇರುವ ಸೀಮೆಯಲ್ಲಿ, ನಾಗಪಟ್ಟಿಣದ ಬಳಿಯ ನರಿಮಣಂನಲ್ಲಿ ಎಣ್ಣೆ ಸಿಕ್ಕಿದೆ. ಅಲ್ಲಿ ಮಡಿಚಿದ ಬೆಟ್ಟವಿಲ್ಲ. ಡೈನೊಸಾರ್‌ಗಳ ಕಾಲದಲ್ಲಿ ನೆಲ ಬಿರಿದು ಕುಸಿದ ತಗ್ಗಿನಲ್ಲಿ ಕೆಸರು ತುಂಬಿ, ಹದವಾಗಿ ಬೆಂದಿತು.

ಕೊನೆಗೆ ನಾವು ಒಂದು ಕೋಲು ತಂದು ಬಾವಿಯ ಕೆನೆಯನ್ನು ಕದಡಿದೆವು. ಅದು ಹೆಂಚಿನ ಚೂರುಗಳಂತೆ ಒಡೆದು ಬೇರೆಬೇರೆಯಾಯಿತು. ಎಣ್ಣೆಯಾಗಿದ್ದರೆ ಸುಳಿಸುಳಿಯಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ನೀರಿನ ಕಬ್ಬಿಣವನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳ ಕೆಲಸ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಅಕ್ಕ, "ಸದ್ಯ, ಬಳೆ ಉಳಿಯಿತು" ಎಂದರು.

ನಮ್ಮೂರ ಮುರಕಲ್ಲಿನ ಬಾವಿ, ತೋಡುಗಳಲ್ಲಿಯೂ ಇಂಥ ಕೆನೆ ಕಾಣುವುದುಂಟು. ಮಕ್ಕಳ ಕೈಗೆ ಒಂದು ಕೋಲು ಕೊಟ್ಟು ನೋಡಿ. ಖರ್ಚಿಲ್ಲದ ವಿಜ್ಞಾನದ ಪಾಠ.