ಕ್ಯಾನ್ಸರ್ ತಾಟಿನಿಂದ ಅಂಟುವುದಿಲ್ಲ



ಹೋದ ವರ್ಷ ನಮ್ಮ ಮುತ್ಯಾಗ ಸಂಡಾಸದಲ್ಲಿ ರಕ್ತ ಹೋಗುತ್ತಿತ್ತು. ನಾಚಿಕೆಯಿಂದ ಬಹಳ ದಿನ ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೂ ‘ಮೂಲವ್ಯಾಧಿ ಇರಬೇಕು’ ಅಂತ ನಾವು ಸುಮ್ಮನಿದ್ದೆವು. ಕೊನೆಗೆ ಕಲಬುರಗಿ ದವಾಖಾನಿಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ತಿಳಿಯಿತು. ಆಪರೇಷನ್ ಆಯಿತು.

ಮನೆಗೆ ಬಂದ ಮೇಲೆ ಮುತ್ಯಾನ ತಾಟು, ಚರಗಿ ಬೇರೆ ಇಟ್ಟರು. ದಿನಾ ಅವನ ತಾಟಿನಲ್ಲೇ ಉಣ್ಣುತ್ತಿದ್ದ ನನಗೂ ‘ಬ್ಯಾಡ’ ಅಂದರು. ಮುತ್ಯಾ ಗ್ವಾಡಿ ಕಡೆ ಮುಖ ಮಾಡಿ ಉಂಡ. ನನಗೆ ಅಳು ಬಂತು.

ಮುಂದಿನ ಸಲ ದವಾಖಾನಿಗೆ ನಾನೂ ಹೋದೆ, ಡಾಕ್ಟರ್ ಸಾಹೇಬರನ್ನು ಕೇಳಿದೆ. ಅವರು, “ತಮ್ಮಾ, ಕ್ಯಾನ್ಸರ್ ಅಂಟುರೋಗ ಅಲ್ಲ, ಕೂಡಿ ಉಣ್ಣು. ಆದ್ರ ಮನಿಯಾಗಿನ ರೂಢಿ ಒಬ್ಬರಿಂದ ಒಬ್ಬರಿಗಿ ಅಂಟತಾವ, ಅವನ್ನ ನೋಡ್ಕೋರಿ” ಅಂದರು. ಅವರು ಹೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರ ಒಳಗೆ ಮೊದಲು ಸಣ್ಣ ಗಂಟು ಏಳುತ್ತದೆ. ಅಂಥ ಕೆಲವು ಗಂಟುಗಳು ಕ್ಯಾನ್ಸರ್ ಆಗಲು ಹತ್ತು ವರ್ಷವೇ ಹಿಡಿಯಬಹುದು. ಮೊದಲೇ ಕಂಡು ತೆಗೆದರೆ ಕ್ಯಾನ್ಸರನ್ನೇ ತಪ್ಪಿಸಬಹುದು.

ಕೆಲವು ಮನೆತನಗಳಲ್ಲಿ ಇದು ರಕ್ತಸಂಬಂಧದಿಂದ ಬರುತ್ತದೆ. ಆದರೆ ರಕ್ತವೊಂದೇ ಕಾರಣವಲ್ಲ. ಜಪಾನ್ ಬಿಟ್ಟು ಅಮೆರಿಕದ ಹವಾಯಿ ದ್ವೀಪಗಳಲ್ಲಿ ನೆಲೆಸಿದವರ ರಕ್ತ ಬದಲಾಗಲಿಲ್ಲ, ಊಟ ಮತ್ತು ರೂಢಿ ಬದಲಾದವು. ಜಪಾನಿನಲ್ಲಿ ಉಳಿದವರಿಗಿಂತ ಅವರಲ್ಲಿ ಈ ಕ್ಯಾನ್ಸರ್ ಹೆಚ್ಚಾಯಿತು.

ಈಗ ನಮ್ಮ ಮನೆ ನೋಡಿರಿ. ಮುತ್ಯಾ ಬೀಡಿ ಸೇದುತ್ತಿದ್ದ. ಅವನನ್ನು ನೋಡಿ ಕಾಕಾ ಕಲಿತ. ಅಂಗಡಿಯಿಂದ ಬೀಡಿ ಕಟ್ಟು ತರುತ್ತಿದ್ದವನು ನಾನೇ! ಬೀಡಿ, ಸೆರೆ, ಬೊಜ್ಜು, ಕುಂತಲ್ಲೇ ಕುಂತಿರುವುದು, ಇವೆಲ್ಲ ಈ ರೋಗದ ಅಪಾಯ ಹೆಚ್ಚಿಸುತ್ತವೆ. ಉಪ್ಪು, ಹೊಗೆ ಹಾಕಿ ಕೆಡದಂತೆ ಇಟ್ಟ ಮಾಂಸವೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ಮುತ್ಯಾಗ ಇಂಥದ್ದರಿಂದಲೇ ಬಂತು ಅಂತ ಮಾತ್ರ ಹೇಳಲು ಬರುವುದಿಲ್ಲ.

ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಹಸಿ ಮೆಂತ್ಯೆ ಸೊಪ್ಪಿನಲ್ಲಿ ನಾರು ಇದೆ. ನಾರು ಮಲವನ್ನು ಬೇಗ ಮುಂದೆ ಸಾಗಿಸುತ್ತದೆ. ಆಗ ಕೆಟ್ಟ ವಸ್ತುಗಳು ಕರುಳಿಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ. ನಾವೋ ರೊಟ್ಟಿ ಬಿಟ್ಟು ಚಿಪ್ಸ್ ಪಾಕೀಟಿಗೆ ಅಳುತ್ತೇವೆ!

ನೆನಪಿಡಿರಿ:
1. ಸಂಡಾಸದಲ್ಲಿ ರಕ್ತ ಕಂಡರೆ, ಸಂಡಾಸಕ್ಕೆ ಹೋಗುವ ರೂಢಿ ಬದಲಾದರೆ, ಸುಮ್ಮಸುಮ್ಮನೆ ತೂಕ ಇಳಿದರೆ ನಾಚಬಾರದು, ದವಾಖಾನಿಗೆ ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೂ ಇದೆ.
2. ಒಬ್ಬರಿಗೆ ಬಂದರೆ ಅವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ತಮಗೆ ಯಾವಾಗ ಪರೀಕ್ಷೆ ಬೇಕೆಂದು ಡಾಕ್ಟರನ್ನು ಕೇಳಬೇಕು.
3. ರೂಢಿಯನ್ನು ರೋಗಿ ಒಬ್ಬರೇ ಬಿಟ್ಟರೆ ಸಾಲದು, ಮನೆಮಂದಿಯೆಲ್ಲ ಬಿಡಬೇಕು.
4. ರೋಗಿಯ ತಾಟು ಬೇರೆ ಇಡಬಾರದು.

ಈಗ ನಾನು ಬೀಡಿ ತರುವುದಿಲ್ಲ. ಮಕ್ಕಳಿಗೆ ಬೀಡಿ ಮಾರುವುದು ಕಾನೂನಿನಲ್ಲೂ ತಪ್ಪು. ಕಾಕಾ ಬೈದ, ಆದರೂ ತರುವುದಿಲ್ಲ. ರಾತ್ರಿ ಮುತ್ಯಾ, ನಾನು ಮತ್ತೆ ಒಂದೇ ತಾಟಿನಲ್ಲಿ ಉಣ್ಣುತ್ತೇವೆ.

– 7ನೇ ತರಗತಿ ವಿದ್ಯಾರ್ಥಿ, ಆಡಕಿ