ಥೈರಾಯ್ಡ್ ಕೊರತೆ: ಮಾತ್ರೆ ಒಂದೇ, ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು

ಶಿವನಸಮುದ್ರ: ಕಾರಣವಿಲ್ಲದ ಆಯಾಸ, ಏರುತ್ತಿರುವ ತೂಕ, ಒಣ ಚರ್ಮ, ಉದುರುವ ಕೂದಲು, ಮಲಬದ್ಧತೆ, ಏರುಪೇರಾದ ಮುಟ್ಟು, ಬೇರೆಯವರಿಗಿಲ್ಲದ ಚಳಿ. ಇವನ್ನು ವಯಸ್ಸಿನ ಲಕ್ಷಣವೆಂದೋ ಹೊಲ-ಮನೆಯ ದುಡಿತದ ಫಲವೆಂದೋ ಭಾವಿಸಿ ವರ್ಷಗಟ್ಟಲೆ ಸಹಿಸಿಕೊಳ್ಳುವವರು ಅನೇಕರು, ಅವರಲ್ಲಿ ಮಹಿಳೆಯರೇ ಹೆಚ್ಚು. ಇದರ ಹಿಂದೆ ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯ ಕೊರತೆ ಇರಬಹುದು. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರೀಕ್ಷೆಗೊಳಗಾದ ವಯಸ್ಕರಲ್ಲಿ ಶೇ 10.95ರಷ್ಟು ಮಂದಿಗೆ ಈ ಕೊರತೆ ಇರುವುದನ್ನು ದಾಖಲಿಸಿತು.

ಕಾಯಿಲೆ ಪತ್ತೆಯಾದ ಮೇಲೆ ನಿಜವಾದ ಪ್ರಶ್ನೆ ಆರಂಭವಾಗುತ್ತದೆ. ಮಾತ್ರೆ ಅಗ್ಗದ್ದು, ಎಲ್ಲೆಡೆ ದೊರೆಯುತ್ತದೆ. ಆದರೆ ಯಾರಿಗೆ ಎಷ್ಟು, ಯಾವ ಹೊತ್ತಿಗೆ, ಎಷ್ಟು ಕಾಲ ಎಂಬುದು ಸರಿಯಾಗದಿದ್ದರೆ ಮಾತ್ರೆ ನುಂಗಿಯೂ ರೋಗಿ ರೋಗಿಯಾಗಿಯೇ ಉಳಿಯುತ್ತಾರೆ.

ಗ್ರಂಥಿಯ ಕೆಲಸ ಹೇಗೆ?

ಥೈರಾಯ್ಡ್ ಗ್ರಂಥಿಯು ಮುಖ್ಯವಾಗಿ ಎರಡು ಹಾರ್ಮೋನುಗಳನ್ನು ಸ್ರವಿಸುತ್ತದೆ. ಟಿ4 ಅಥವಾ ಥೈರಾಕ್ಸಿನ್ ಹೆಚ್ಚಿನ ಪಾಲು. ಟಿ3 ಅಲ್ಪ ಪಾಲು. ದೇಹದಲ್ಲಿ ನೇರವಾಗಿ ಕೆಲಸ ಮಾಡುವುದು ಟಿ3. ಅದರ ಬಹುಭಾಗವು ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಟಿ4ನಿಂದಲೇ ತಯಾರಾಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ಜನರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಅಧಿಕ ವೋಲ್ಟೇಜಿನಲ್ಲಿ ತಂತಿಯ ಮೂಲಕ ಸಾಗಿದ ವಿದ್ಯುತ್ತು ಬಳಕೆಯ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿದು ಉಪಯೋಗಕ್ಕೆ ಬರುವಂತೆ, ರಕ್ತದಲ್ಲಿ ಸಾಗಿದ ಟಿ4 ಅಂಗಾಂಗಗಳಲ್ಲಿ ಟಿ3 ಆಗಿ ಬಳಕೆಗೆ ಬರುತ್ತದೆ.

ಪೂರೈಕೆ ಕಡಿಮೆಯಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಪ್ರಚೋದಕವನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಆದ್ದರಿಂದಲೇ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿದ್ದರೆ ಥೈರಾಯ್ಡ್ ಕುಂದಿದೆ ಎಂದೂ, ಇಳಿದಿದ್ದರೆ ಹಾರ್ಮೋನು ಅತಿಯಾಗಿದೆ ಎಂದೂ ಸಾಮಾನ್ಯವಾಗಿ ಅರ್ಥ. ವಯಸ್ಕರಲ್ಲಿ ಸುಮಾರು 0.4ರಿಂದ 4ರವರೆಗಿನ ಅಂಕಿ ಸಹಜವೆನಿಸಿದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬದಲಾಗುತ್ತದೆ.

ಕುರಿಯ ಗ್ರಂಥಿಯಿಂದ ಮಾತ್ರೆಯವರೆಗೆ

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಅವರು ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ರೋಗಿಯೊಬ್ಬರಿಗೆ ಚುಚ್ಚಿ ಗುಣ ಕಂಡರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಅನ್ನು ಬೇರ್ಪಡಿಸಿದರು. 1926ರಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಾಸಾಯನಿಕ ರಚನೆಯನ್ನು ನಿರ್ಧರಿಸಿದರು. ದಶಕಗಳ ಕಾಲ ಪ್ರಾಣಿಗಳ ಗ್ರಂಥಿಯ ಪುಡಿಯೇ ಔಷಧವಾಗಿತ್ತು. ಟಿ4 ದೇಹದೊಳಗೆ ಟಿ3 ಆಗಿ ಮಾರ್ಪಡುತ್ತದೆ ಎಂಬುದು 1970ರಲ್ಲಿ ಸಾಬೀತಾದ ಮೇಲೆ, ಟಿ4 ಒಂದನ್ನೇ ಕೊಟ್ಟರೆ ಸಾಕೆಂಬ ಪದ್ಧತಿ ನೆಲೆಗೊಂಡಿತು. ಎಲ್ಟ್ರಾಕ್ಸಿನ್, ಥೈರೊನಾರ್ಮ್, ಥೈರಾಕ್ಸ್ ಮೊದಲಾದ ಹೆಸರುಗಳಲ್ಲಿ ದೊರೆಯುವ ಮಾತ್ರೆಗಳೆಲ್ಲವೂ ಇದೇ ಲೀವೊಥೈರಾಕ್ಸಿನ್. ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ.

ಪ್ರಮಾಣ ನಿಗದಿ

ಗ್ರಂಥಿ ಸಂಪೂರ್ಣ ಕುಂದಿರುವ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೊಗ್ರಾಂ ಎಂಬುದು ಸ್ಥೂಲ ಲೆಕ್ಕ. 60 ಕಿಲೋ ತೂಗುವವರಿಗೆ ಇದು 100 ಮೈಕ್ರೊಗ್ರಾಂ ಆಸುಪಾಸು. ಗ್ರಂಥಿ ಭಾಗಶಃ ಕೆಲಸ ಮಾಡುತ್ತಿದ್ದರೆ ಇದಕ್ಕಿಂತ ಕಡಿಮೆ ಸಾಕು. ವೃದ್ಧರಿಗೆ ಹಾಗೂ ಹೃದ್ರೋಗಿಗಳಿಗೆ 12.5 ಅಥವಾ 25 ಮೈಕ್ರೊಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ವಾಡಿಕೆ. ಒಮ್ಮೆಲೇ ಹೆಚ್ಚಿಸಿದರೆ ಹೃದಯದ ಮೇಲೆ ಹೊರೆ ಬೀಳುತ್ತದೆ.

ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೀಗಾಗಿ ಪ್ರಮಾಣ ಬದಲಿಸಿದ ಪರಿಣಾಮವು ಪರೀಕ್ಷೆಯಲ್ಲಿ ಪೂರ್ಣವಾಗಿ ಕಾಣಲು 6ರಿಂದ 8 ವಾರ ಕಾಯಬೇಕು. ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮಾತ್ರೆ ಏರಿಳಿಸುವುದು ಹಣಕ್ಕೂ ದೇಹಕ್ಕೂ ನಷ್ಟ. ಪ್ರಮಾಣ ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಮಾನ್ಯವಾಗಿ ಸಾಕು. ಪರೀಕ್ಷೆಗೆಂದು ಮಳವಳ್ಳಿಗೋ ಕೊಳ್ಳೇಗಾಲಕ್ಕೋ ಮಂಡ್ಯಕ್ಕೋ ಒಂದು ದಿನದ ಕೂಲಿ ಬಿಟ್ಟು ಹೋಗುವವರಿಗೆ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಹಳೆಯ ವರದಿ ಹಾಗೂ ಮಾತ್ರೆಯ ಡಬ್ಬಿಯನ್ನು ಜೊತೆಗೆ ಒಯ್ಯಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಬೇಕು. ಅದು ಕೆಲವು ಪರೀಕ್ಷಾ ವಿಧಾನಗಳಲ್ಲಿ ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ.

ಬೆಳಗಿನ ಕಾಫಿ, ರಾಗಿ ಅಂಬಲಿ

ಪ್ರಮಾಣ ಸರಿಯಿದ್ದರೂ ಟಿಎಸ್‌ಎಚ್ ಇಳಿಯದಿರಲು ಬಹಳ ಸಲ ಮಾತ್ರೆ ನುಂಗುವ ವೇಳೆಯೇ ಕಾರಣ. ಇದನ್ನು ಬರಿಹೊಟ್ಟೆಯಲ್ಲಿ, ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು. ಕಾಫಿಯೂ ಇದಕ್ಕೆ ಹೊರತಲ್ಲ. ಕ್ಯಾಲ್ಸಿಯಂ ಈ ಔಷಧವನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಮಂಡ್ಯ ಸೀಮೆಯ ನಿತ್ಯದ ಆಹಾರವಾದ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗೆಂದು ರಾಗಿ ಬಿಡಬೇಕಿಲ್ಲ. ಅಂಬಲಿಗೂ ಹಿಟ್ಟಿಗೂ ಮಾತ್ರೆಗೂ ನಡುವೆ ಅಂತರವಿದ್ದರೆ ಸಾಕು. ಮುಂಜಾನೆಯೇ ಹೊಲಕ್ಕೆ ಹೊರಡುವವರು ರಾತ್ರಿ ಊಟವಾದ ಮೂರು ಗಂಟೆಯ ನಂತರ ಮಾತ್ರೆ ನುಂಗಬಹುದು. ಹೊತ್ತು ಯಾವುದಾದರೂ ದಿನವೂ ಒಂದೇ ಆಗಿರಬೇಕು.

ಮಾತ್ರೆಯನ್ನು ಬಿಸಿಲು, ತೇವ ತಾಕದ ಕಡೆ ಇಡಬೇಕು. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರಿಗೆ ತಿಳಿಸಿ, ಆರೆಂಟು ವಾರದಲ್ಲಿ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಗರ್ಭಿಣಿಯರ ವಿಷಯ

ಅತಿ ಹೆಚ್ಚು ಎಚ್ಚರ ಬೇಕಾದುದು ಇಲ್ಲಿ. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಥೈರಾಕ್ಸಿನ್ನೇ ಆಧಾರ. ಈಗಾಗಲೇ ಮಾತ್ರೆ ಸೇವಿಸುತ್ತಿರುವ ಮಹಿಳೆ ಗರ್ಭ ಧರಿಸಿದರೆ ಪ್ರಮಾಣವನ್ನು ಸುಮಾರು ಶೇ 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ಮುಟ್ಟು ನಿಂತ ಕೂಡಲೇ ವೈದ್ಯರನ್ನು ಕಾಣಬೇಕು. ಬಸುರಿಯಲ್ಲಿ ಔಷಧ ಬೇಡವೆಂದು ಹಿರಿಯರು ಮಾತ್ರೆ ನಿಲ್ಲಿಸಿಸಿದರೆ ಗರ್ಭಪಾತ, ಅವಧಿಪೂರ್ವ ಹೆರಿಗೆಯ ಭಯವುಂಟು.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕನೇ ತಿಂಗಳಿನಿಂದ ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ನೀಡಲಾಗುತ್ತದೆ. ಅವು ಅಗತ್ಯವೇ. ಆದರೆ ಮರೆಯದಿರಲೆಂದು ಮೂರನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆಯ ಫಲ ಕುಗ್ಗುತ್ತದೆ. ಇವುಗಳ ನಡುವೆ ಕನಿಷ್ಠ 4 ಗಂಟೆ ಬಿಡುವಿರಬೇಕು: ಬೆಳಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನದ ಊಟದಿಂದೀಚೆಗೆ ಉಳಿದವು. ಹೆರಿಗೆಯ ನಂತರ ಪ್ರಮಾಣವನ್ನು ಮತ್ತೆ ಇಳಿಸಿ ಪರೀಕ್ಷಿಸಬೇಕು. ಹುಟ್ಟಿದ ಮಗುವಿಗೂ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಹಿತಕರ. ಜನ್ಮಜಾತ ಕೊರತೆಗೆ ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಸಿಕ್ಕರೆ ಬುದ್ಧಿಮಾಂದ್ಯವನ್ನು ತಡೆಯಬಹುದು.

ಅಂಕಿ ಸರಿ, ಆಯಾಸ ಹೋಗಿಲ್ಲ

ಟಿಎಸ್‌ಎಚ್ ಸರಿಹೋದ ಬಳಿಕವೂ ಕೆಲವರಿಗೆ ಸುಸ್ತು ಉಳಿಯುತ್ತದೆ. ಆಗ ಮೊದಲು ನೋಡಬೇಕಾದುದು ರಕ್ತಹೀನತೆ, ಬಿ12 ಕೊರತೆ, ಮಧುಮೇಹ, ನಿದ್ರಾಹೀನತೆ, ಖಿನ್ನತೆ. ಟಿ4 ಜೊತೆಗೆ ಟಿ3 ಸೇರಿಸಿದರೆ ಮೇಲೆಂಬ ವಾದವಿದೆ. ಇವೆರಡನ್ನೂ ಹೋಲಿಸಿ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಟಿ4 ಒಂದಕ್ಕಿಂತ ಹೆಚ್ಚಿನ ಲಾಭವನ್ನು ತೋರಿಸಿಲ್ಲ. ಆದರೂ ಆಯ್ದ ರೋಗಿಗಳಲ್ಲಿ ತಜ್ಞರ ನಿಗಾದಲ್ಲಿ ಪ್ರಯತ್ನಿಸಬಹುದೆಂದು 2012ರಲ್ಲಿ ಯುರೋಪಿನ ಥೈರಾಯ್ಡ್ ತಜ್ಞರ ಸಂಘ ಅಭಿಪ್ರಾಯಪಟ್ಟಿತು. ಗರ್ಭಿಣಿಯರಿಗೆ ಈ ಮಿಶ್ರಣ ಸಲ್ಲದು. ತೂಕ ಇಳಿಸಲೆಂದು ತಾನಾಗಿ ಮಾತ್ರೆ ಹೆಚ್ಚಿಸಿಕೊಂಡರೆ ಎದೆಬಡಿತ ಏರುಪೇರಾಗಿ ಮೂಳೆ ಸವೆಯುತ್ತದೆ.

ಎಲ್ಲರಿಗೂ ಮಾತ್ರೆಯೇ ಬೇಕೆಂದೇನೂ ಇಲ್ಲ. ಟಿ4 ಸಹಜವಾಗಿದ್ದು ಟಿಎಸ್‌ಎಚ್ 10ರ ಒಳಗಿದ್ದರೆ, ಎರಡು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿ ತೀರ್ಮಾನಿಸುವುದು ಲೇಸು. 65 ದಾಟಿದ ಇಂಥ ಹಿರಿಯರಿಗೆ ಮಾತ್ರೆಯಿಂದ ಲಕ್ಷಣಗಳಲ್ಲಿ ಸುಧಾರಣೆ ಕಾಣಲಿಲ್ಲವೆಂದು 2017ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನ ತಿಳಿಸಿತು.

ಇದಕ್ಕೆ ವಿರುದ್ಧವಾಗಿ, ಗ್ರಂಥಿ ನಿಜಕ್ಕೂ ಕುಂದಿರುವವರು ವರದಿ ಸರಿಬಂತೆಂದು ಮಾತ್ರೆ ನಿಲ್ಲಿಸುವಂತಿಲ್ಲ. ವರದಿ ಸರಿಬಂದದ್ದು ಮಾತ್ರೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಹಳೆಯ ಲಕ್ಷಣಗಳು ಮರಳುತ್ತವೆ. ಬಹುಕಾಲ ಉಪೇಕ್ಷಿಸಿದರೆ ದೇಹದ ಉಷ್ಣತೆ ಇಳಿದು ಪ್ರಜ್ಞೆ ತಪ್ಪುವ ಪ್ರಾಣಾಪಾಯಕ ಸ್ಥಿತಿಯೂ ಬರಬಹುದು. ವೈದ್ಯರು ಹೇಳಿದ ಹೊರತು ಮಾತ್ರೆ ಆರಂಭಿಸುವುದಾಗಲಿ, ಬದಲಿಸುವುದಾಗಲಿ, ಬಿಡುವುದಾಗಲಿ ತರವಲ್ಲ.